ಕೊನೆಯ ವಾಲ್ವ್ ಕೊಡದ ಶಿಸ್ತು

ನೌಕಾ ಬಿಡಿಭಾಗಗಳ ಉಗ್ರಾಣ ಕಾಯುವ ಮಾನ್ಯ ಅಧಿಕಾರಿಗಳೇ,

ಈ ಪತ್ರದಿಂದ ಒಂದು ವಾಕ್ಯವನ್ನು ಇನ್ನೇನು ಬಿಟ್ಟೇಬಿಡುತ್ತಿದ್ದೆ. ಅದನ್ನೇ ಮೊದಲು ಬರೆಯುತ್ತೇನೆ: ನನ್ನ ತಮ್ಮನ ಕಣ್ಣು ಉಳಿಸಬಹುದಾಗಿದ್ದ ವಾಲ್ವ್ ನಿಮ್ಮ ಉಗ್ರಾಣದಲ್ಲೇ ಇತ್ತು.

ತಮ್ಮ ತಾರಿಖ್ ಕಮಲಾಪುರದವನು. ಸಮುದ್ರವಿಲ್ಲದ ಊರಿನಿಂದ ಹೋಗಿ, ಈಗ ನಿವೃತ್ತವಾಗಿರುವ ವಿಧ್ವಂಸಕ ನೌಕೆಯೊಂದರ ಎಂಜಿನ್ ಕೋಣೆಯಲ್ಲಿ ದುಡಿದ. ಆ ವರ್ಗದ ಹಡಗುಗಳನ್ನು ಕಟ್ಟಿಕೊಟ್ಟ ದೇಶವೇ ಒಡೆದು ಚೂರಾಗಿತ್ತು. ಬಿಡಿಭಾಗ ಬರುವುದು ನಿಂತಿತ್ತು. ದುರಸ್ತಿಗೆ ನಿಂತ ಹಡಗಿನಿಂದ ಕಳಚಿ, ಹೊರಡುವ ಹಡಗಿಗೆ ಜೋಡಿಸುವುದೇ ರೂಢಿಯಾಯಿತು. ರಜೆಗೆ ಬಂದಾಗ ಅಕ್ಕನಾದ ನನ್ನೆದುರು ನಗುತ್ತಿದ್ದ: “ಒಂದ ಶೇರ್ವಾನಿ, ನಾಲ್ಕು ಮಂದಿ ಮದುಮಗಂದಿರು, ಆಪಾ. ಯಾರ ನಿಕಾಹ್ ಅದನೋ ಅವ ಹಾಕ್ಕೋಬೇಕು.” ಹೀಗೆ ಹಡಗಿನಿಂದ ಹಡಗಿಗೆ ತಿರುಗಿ ಸವೆದಿದ್ದ ವಾಲ್ವ್ ಒಂದು ದಿನ ಬಿರಿಯಿತು. ಕಾದ ಎಣ್ಣೆ ಅವನ ಮುಖಕ್ಕೆ ಚಿಮ್ಮಿ ಎರಡೂ ಕಣ್ಣು ಹೋದವು. ಹೊಸದನ್ನು ಹಡಗಿನವರು ನಿಮ್ಮನ್ನು ಕೇಳಿರಲಿಲ್ಲವೇ? ಕೇಳಿದ್ದರು. ಲಭ್ಯವಿಲ್ಲ ಎಂದಿರಿ.

ಅವನು ನಂಬಿದ. “ಇಲ್ಲದ ಸಾಮಾನಿಗೆ ಯಾರ ಮ್ಯಾಲ ಸಿಟ್ಟಾಗ್ಲಿ, ಆಪಾ?” ಎನ್ನುತ್ತಾನೆ. ಕತ್ತಲೆಯಲ್ಲಿ ಅವನಿಗಿರುವ ನೆಮ್ಮದಿ ಇದೊಂದೇ.

ಹಡಗುಗಳು ಗುಜರಿಗೆ ಹೋದ ಮೇಲೆ ನಿಮಗೆ ಔದಾರ್ಯ ಉಕ್ಕಿತು. ಕಲಬುರಗಿಯ ಸೇಡಂ ರಸ್ತೆಯಲ್ಲಿ ಅವುಗಳ ನೆನಪಿಗೆ ಪ್ರದರ್ಶನ ಕೊಠಡಿ! ಇಂಗ್ಲಿಷ್ ಬಲ್ಲವಳೆಂದು ಅಲ್ಲಿನ ವಸ್ತುಗಳಿಗೆ ಹಿನ್ನೆಲೆ ಟಿಪ್ಪಣಿ ಬರೆಯಲು ನನ್ನನ್ನೇ ಕರೆಸಿದಿರಿ. ಗಾಜಿನ ಪೆಟ್ಟಿಗೆಯಲ್ಲಿ ಅದೇ ಬಗೆಯ ವಾಲ್ವ್, ಯಾರೂ ತೊಡದ ಶೇರ್ವಾನಿಯಂತೆ, ಥಳಥಳಿಸುತ್ತಿತ್ತು. ಅದನ್ನು ತಂದಿದ್ದ ನಿಮ್ಮ ನೌಕರ ದಿಲೀಪ ನಮ್ಮ ಕಡೆಯವನೇ.

“ಇದು ಯಾವಾಗ ಬಂತು?” ಎಂದೆ.

“ಹಡಗು ಬಂದಾಗಿಂದ ನಮ್ಮ ಗೋದಾಮಿನಾಗೇ ಅದರೀ ಮೇಡಂ. ಒಮ್ಮೀನೂ ಹಾಕಿಲ್ಲ, ನೋಡ್ರಿ ಹೆಂಗ ಹೊಳೀತದ!”

“ಯಾರೂ ಕೇಳಲಿಲ್ಲವೇ?”

“ಕೇಳ್ಯಾರ್ರೀ. ಕೊನೇ ಪೀಸ್ ಕೊಡಂಗಿಲ್ರೀ. ಕೊಟ್ರ ಸ್ಟಾಕ್ ಖಾಲಿ ಅಂತ ಸಾಹೇಬ್ರಿಗೆ ಮ್ಯಾಲಿನೋರು ಬೈತಾರ.”

ಎಂಥ ಶಿಸ್ತು, ಮಾನ್ಯರೇ! ಕಪಾಟು ಬರಿದಾಗಬಾರದು, ಕಣ್ಣಿನ ಗೂಡು ಬರಿದಾದರೆ ಯಾರು ಬೈಯುತ್ತಾರೆ? ಹಡಗು ಸತ್ತ ಮೇಲೆ ಕೊಡಲು ಅಡ್ಡಿಯಿಲ್ಲದ ವಸ್ತುವನ್ನು ಬದುಕಿದ್ದಾಗ ಯಾರಿಂದ ಕಾಪಾಡುತ್ತಿದ್ದಿರಿ? ಶತ್ರುವಿನಿಂದಲೋ, ನನ್ನ ತಮ್ಮನಿಂದಲೋ?

ನನ್ನನ್ನೂ ಕೇಳಿಕೊಂಡಿದ್ದೇನೆ. ಈ ಪತ್ರದ ಪ್ರತಿ ಪತ್ರಿಕೆಗೂ ಹೋಗುತ್ತದೆ; ಅಚ್ಚಾದರೆ ಅವನಿಗೂ ತಿಳಿಯುತ್ತದೆ. ನನ್ನ ಮಗಳು ಮದಿಹಾ ದಿನವೂ ಫೋನಿನಲ್ಲಿ ಅವನಿಗೆ ಪತ್ರಿಕೆ ಓದಿ ಹೇಳುತ್ತಾಳೆ. ಅವನ ಒಂದೇ ನೆಮ್ಮದಿಯನ್ನು ಕಸಿಯುವವಳು ನಾನಾಗಬೇಕೇ? ನನ್ನ ಸಿಟ್ಟಿಗೆ ಅವನು ಬೆಲೆ ತೆರಬೇಕೇ? ಸುಮ್ಮನಿರುತ್ತಿದ್ದೆನೇನೋ. ಆದರೆ ಡಿಸೆಂಬರ್ ನಾಲ್ಕರಂದು ಕೊಠಡಿ ಉದ್ಘಾಟಿಸಲು ನೀವು ಅವನನ್ನೇ ಆಹ್ವಾನಿಸಿದ್ದೀರಿ. ವಾಲ್ವನ್ನು ಅವನ ಕೈಗಿಟ್ಟು ಫೋಟೊ ತೆಗೆಸುವಿರಂತೆ. ಸವೆಯದ ಅಂಚು ಅವನ ಬೆರಳಿಗೆ ತಿಳಿಯದೇ? ಚಪ್ಪಾಳೆಯ ನಡುವೆ ಅವನು ಒಬ್ಬನೇ ಅದನ್ನು ಅರಿಯಬೇಕೇ?

ನೀವು ಕೇಳಿದ ಟಿಪ್ಪಣಿ ಸಿದ್ಧವಿದೆ: “ಇದು ಎಂದೂ ಹಡಗು ಏರಲಿಲ್ಲ. ಬೇಕಾದಾಗ ಉಗ್ರಾಣದಲ್ಲಿತ್ತು.” ಒಂದಕ್ಷರ ಬದಲಿಸದೆ ಅದನ್ನು ಪೆಟ್ಟಿಗೆಯ ಮೇಲೆ ಹಾಕಿಸಿ. ಓದಲು ನನ್ನ ತಮ್ಮನಿಗೆ ಕಣ್ಣಿಲ್ಲ. ಹಾಗಾಗಿ ವೇದಿಕೆಯ ಮೇಲೆ, ಅವನ ಎದುರು ನಿಂತು, ನೀವೇ ಓದಿ ಹೇಳಬೇಕು.

ಇಂತಿ,
ನೀವೇ ಆರಿಸಿಕೊಂಡ ಟಿಪ್ಪಣಿಕಾರ್ತಿ,
ಮೆಹರೀನ್, ಕಲಬುರಗಿ

ಗುರುವಾರ ಕಮಲಾಪುರಕ್ಕೆ ಹೋಗಿ ತಮ್ಮನಿಗೆ ಮೊದಲು ನಾನೇ ಹೇಳುತ್ತೇನೆ. ಇದನ್ನು ಅಂಚೆಗೆ ಹಾಕುವುದು ಮರುದಿನ: ಶುಕ್ರವಾರ, 28 ನವೆಂಬರ್ 2025.