ಮೇಜಿನ ಕೆಳಗಿನ ಮಿಣುಕ

5 ಡಿಸೆಂಬರ್ 2005, ಸೋಮವಾರ

ಕುಕ್ಕರ್ ಆಫ್ ಮಾಡಿ ಬರೆಯಲು ಕೂತೆ. ಕಾದಂಬರಿ ಏಳನೇ ಅಧ್ಯಾಯದಲ್ಲೇ ನಿಂತಿದೆ. ಮಿಣುಕ — ಸಾಂತಾ ಕ್ಲಾಸ್‌ನ ಆಟಿಕೆ ಕಾರ್ಖಾನೆಯ ಉದ್ದಕಿವಿಯ ಕುಳ್ಳ ಕೆಲಸಗಾರ, ಎಲ್ಫ್ — ಬಾಯ್ಲರ್ ಸಿಡಿದ ದಿನ ಮೇಜಿನ ಕೆಳಗೆ ಸೇರಿದವನು ಹೊರಗೆ ಬರ್ತಿಲ್ಲ. ನಾನೂ ಕರೀತಿಲ್ಲ. ಯಾವ ಬಾಯಿಂದ ಕರೀಲಿ? ದೀಪಾವಳಿಗೆ ಮುಂಚಿನ ಶನಿವಾರ ಇಲ್ಲಿನ ಸರೋಜಿನಿ ನಗರ ಮಾರ್ಕೆಟ್ಟಿನಲ್ಲಿ ಬಾಂಬ್ ಸಿಡಿದಾಗ ನಾನೂ ಮಗಳು ಅನನ್ಯಾಳೂ ಪಕ್ಕದ ಗಲ್ಲಿಯಲ್ಲಿ ಬಳೆ ನೋಡ್ತಿದ್ದೆವು. ಇಬ್ಬರಿಗೂ ಒಂದು ಗೀರೂ ಆಗಲಿಲ್ಲ. ಅದೃಷ್ಟ ಅಂತಾರೆ ಎಲ್ಲರೂ. ಅವತ್ತಿನಿಂದ ನಾಲ್ಕು ಜನ ಸೇರಿದ ಕಡೆ ಹೋಗೋದನ್ನೇ ಬಿಟ್ಟಿದೀನಿ.

ಸ್ಕೂಲಿಂದ ಬಂದವಳೇ ಮಗಳು — "ಅಮ್ಮಾ, ಮಿಣುಕ ಬಾಹರ್ ಬಂದ್ನಾ?"

"ಇಲ್ಲ."

"ಅರೇ ಯಾರ್! ಕ್ರಿಸ್‌ಮಸ್ ನಿಕಲ್ ಜಾಯೇಗಾ!"

ಕ್ರಿಸ್‌ಮಸ್ಸೇ ಮುಗಿದುಹೋಗುತ್ತಂತೆ. ಎಂಟು ವರ್ಷಕ್ಕೇ ಈ ಹಿಂದಿ ನಾಲಿಗೆ. ಈ ರೋಹಿಣಿ ಬಡಾವಣೆಯ ನೀರೇ ಹಾಗೆ.

9, ಶುಕ್ರವಾರ

ಸ್ಕೂಲಲ್ಲಿ 23ಕ್ಕೆ ಕ್ರಿಸ್‌ಮಸ್ ಪ್ರೋಗ್ರಾಂ. ಅನನ್ಯಾ ಎಲ್ಫ್. ನನ್ನ ಕಥೆ ಕೇಳಿ ಕೇಳಿ, ಆ ಪಾತ್ರ ಬೇಕು ಅಂತ ತಾನೇ ಹೆಸರು ಕೊಟ್ಟಳಂತೆ. ಹಾಲ್ ತುಂಬ ಪೇರೆಂಟ್ಸ್ ಇರ್ತಾರೆ, ನೀನು ಬರಲೇಬೇಕು ಅಂದಳು. ನೋಡೋಣ ಅಂದೆ. ನನ್ನ "ನೋಡೋಣ" ಅಂದರೆ ಇಲ್ಲ ಅಂತ ಅವಳಿಗೆ ಗೊತ್ತು. ಹೋಗಿ ಟಿವಿ ಹಾಕಿಕೊಂಡಳು.

19, ಸೋಮವಾರ

ಇವರು ಆಫೀಸಿಗೆ ಹೊರಡುತ್ತಾ — "ಪ್ರೋಗ್ರಾಂಗೆ ರಜ ಹಾಕಿ ನಾನೇ ಹೋಗ್ತೀನಿ ಬಿಡು." ಸಮಾಧಾನ ಆಗಬೇಕಿತ್ತು. ಮೈಯೆಲ್ಲ ಉರಿದುಹೋಯಿತು.

"ಅವಳು ನನ್ನ ಮಗಳು ಕಣ್ರೀ!"

"ಹಾಗಾದ್ರೆ ನೀನೇ ಹೋಗು."

ಊಟದ ಡಬ್ಬಿ ಮುಚ್ಚಿ ಕೈಗೆ ತುರುಕಿದೆ. ಅದಕ್ಕೆ ಉಪ್ಪಿನಕಾಯಿ ಹಾಕೋದೂ ಮರೆತೆ. ಅನುಭವಿಸಲಿ.

22, ಗುರುವಾರ, ಸಂಜೆ

ಕಿಟಕಿಗಳನ್ನೆಲ್ಲ ತೆರೆದಿಟ್ಟು ಬರೀತಿದೀನಿ.

ಹಸಿರು ಟೋಪಿ, ರಟ್ಟಿನ ಕಿವಿ ಹಾಕಿಕೊಂಡು ಅನನ್ಯಾ ಇಡೀ ಬಿಲ್ಡಿಂಗ್‌ಗೆ ತೋರಿಸಿ ಬಂದಳು. ಎಷ್ಟು ಜನರ ಕಣ್ಣು! ಎಲ್ಫ್ ಆದರೇನು, ಮಗು ತಾನೇ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ, ಗ್ಯಾಸ್ ಮೇಲೆ ಬಾಣಲೆಯಿಟ್ಟು ಸುರಿದೆ. ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಉಸಿರು ಕಟ್ಟಿ ಬಾಗಿಲು ತೆಗೆದೆ... ಘಾಟು ಪೂರಾ ಮೆಟ್ಟಿಲಿಗೆ ನುಗ್ಗಿತು. ಮೊದಲು ಕೆಮ್ಮು. ಆಮೇಲೆ ಮೇಲಿಂದ ಯಾರೋ — "ಬಮ್ ಹೈ! ಭಾಗೋ!"

ಬಾಂಬ್ ಅಂದದ್ದೇ ತಡ, ಎಲ್ಲ ಮನೆಯವರೂ ದಡದಡ ಇಳಿದರು. ಅದು ನನ್ನದೇ ಮೆಣಸಿನಕಾಯಿ ಅಂತ ಗೊತ್ತು. ಗೊತ್ತಿದ್ದೂ ಗ್ಯಾಸ್ ಆರಿಸಿದವಳು ಗೋಡೆಗೆ ಅಂಟಿ ನಿಂತುಬಿಟ್ಟೆ. ಅನನ್ಯಾ ಕೈ ಹಿಡಿದು ಎಳೆದಳು. "ಅಮ್ಮಾ, ಚಲೋ ನಾ!"

ಕೆಳಗೆ ಜನವೋ ಜನ. ಬಾಂಬಲ್ಲ, ದೃಷ್ಟಿ ತೆಗೆದ ಮೆಣಸಿನಕಾಯಿ ಅಂತ ಅವಳೇ ಕೂಗಿದಳು — "ಆಂಟೀ, ಮಿರ್ಚಿ ಹೈ! ಮಮ್ಮಿ ನೇ ಮೇರೀ ನಜರ್ ಉತಾರೀ ಹೈ!"

ಕೆಳಮನೆಯ ಭಾಟಿಯಾ ಆಂಟಿ ಚೆನ್ನಾಗಿ ಬೈದು, ಆಮೇಲೆ ನಕ್ಕೂ ನಕ್ಕರು. ದೃಷ್ಟಿ ಆಗಿದ್ದರೆ ಘಾಟೇ ಬರಲ್ಲ ಅಂತಾರೆ. ಯಾರ ಕಣ್ಣೂ ಬಿದ್ದಿರಲಿಲ್ಲ ಹಾಗಾದರೆ!

ನಾನೂ ನಗುತ್ತಿದ್ದೆ. ಆಗ ಗೊತ್ತಾಯಿತು — ನನ್ನ ಕೈಯೊಳಗೆ ಅವಳ ಕೈ ಗಡಗಡ ನಡುಗ್ತಿತ್ತು. ಅವಳಿಗೂ ಭಯ. ಇಷ್ಟು ದಿನ ನನಗೊಬ್ಬಳಿಗೇ ಅಂದುಕೊಂಡಿದ್ದೆ.

ಟೋಪಿ ಬಿಚ್ಚುತ್ತಾ ಕೇಳಿದೆ, "ನಾಳೆ ಸ್ಟೇಜಲ್ಲಿ ಹೆದರಿಕೆ ಆದ್ರೆ?"

"ನೀನು ಕಂಡ್ರೆ ಆಗಲ್ಲ."

ಏಳನೇ ಅಧ್ಯಾಯಕ್ಕೆ ಒಂದೇ ಸಾಲು ಸೇರಿಸಿದೆ: ಮೇಜಿನ ಕೆಳಗೆ ಮಿಣುಕ ಒಬ್ಬನೇ ಇರಲಿಲ್ಲ.

23, ಶುಕ್ರವಾರ, 10.40, ಸ್ಕೂಲ್ ಹಾಲ್

ಬಂದಿದೀನಿ. ಕಡೇ ಸಾಲು, ಬಾಗಿಲ ಪಕ್ಕ. ಕೈಗೊಂದು ಕೆಲಸ ಇರಲಿ ಅಂತ ಬರೀತಿದೀನಿ. ಮುಂದೆಲ್ಲ ತಲೆಗಳು. ಹಿಂದೆಯೂ ಜನ. ಯಾರೋ ಕುರ್ಚಿ ಎಳೆದರೂ ಬಾಗಿಲ ಕಡೆ ತಿರುಗ್ತೀನಿ. ಆಗಲೇ ಒಮ್ಮೆ ಹೊರಗೆ ಹೋಗಿ ವಾಪಸ್ ಬಂದೆ.

ಪರದೆ ಸರೀತು. ಎಲ್ಫ್‌ಗಳೆಲ್ಲ ಕುಣೀತಿವೆ. ನನ್ನದು ಮಾತ್ರ ನಿಂತುಬಿಟ್ಟಿದೆ. ಹುಡುಕ್ತಿದಾಳೆ. ಮೊದಲ ಸಾಲು... ಮಧ್ಯ... ಇಲ್ಲಿ ಕೂತರೆ ನಾನೆಲ್ಲಿ ಕಾಣ್ತೀನಿ? ಅಳು ಬಂತು ಅವಳಿಗೆ. ಕುರ್ಚಿ ಹತ್ತಿ ನಿಂತರೆ ಇಡೀ ಹಾಲ್ ತಿರುಗಿ ನೋಡುತ್ತದೆ. ನೋಡಲಿ. ಅನನ್ಯಾ, ಇಲ್ಲಿ—