ಮೇಯರಿಗೆ ಮುಟ್ಟದ ಕಂಬಳಿ

ಅಪ್ಪಾ,

ನೀನು ನೇಯ್ದ ಕರಿ ಕಂಬಳಿಯನ್ನು ನಾನು ಬೀರಣ್ಣನಿಗೆ ಕೊಡಲೇ ಇಲ್ಲ. ನಿನ್ನ ಜೊತೆ ಕುರಿ ಕಾಯುತ್ತಿದ್ದ ಅವರು ಕಾರ್ಪೊರೇಟರ್ ಆಗಿ, ಬೆಂಗಳೂರಿನ ಮೇಯರೂ ಆದ ದಿನ, ಕುರ್ಚಿಗೆ ಹಾಸಲೆಂದು ನನ್ನ ಕೈಲಿ ಕಳಿಸಿದ್ದೆಯಲ್ಲ, ಅದೇ. ಅಲ್ಲಿ ಅವರು ಕೆಂಪು ಗೌನು ತೊಟ್ಟು ನಿಂತಿದ್ದರು, ಸುತ್ತ ರೇಷ್ಮೆ ಶಾಲು ಹಿಡಿದವರು. ಕಂಬಳಿಯ ಕುರಿವಾಸನೆಗೆ ನಾಚಿ ಬಾಗಿಲಿಂದಲೇ ವಾಪಸ್ ಬಂದೆ. ಅದನ್ನು ಅಟ್ಟದಲ್ಲಿ ಬಚ್ಚಿಟ್ಟು, ಅದರ ಮೇಲೇ ಕೂತರು ಎಂದು ನಿನಗೆ ಹೇಳಿದೆ. ನೀನು ನಮ್ಮೂರು ಉಡುತಡಿಗೆಲ್ಲ ಸಾರಿದೆ: "ನನ್ ಕಂಬಳಿ ಮ್ಯಾಲೆ ಕುಂತು ಬೆಂಗ್ಳೂರ್ ಆಳ್ತಾನ. ನನ್ ಮಗ ಕಣ್ಣಾರೆ ನೋಡ್ಯಾನ. ಸಾಲಿ ಬಿಟ್ಟಾನ, ಆದ್ರೆ ಸುಳ್ಳು ಕಲ್ತಿಲ್ಲ."

ನೀನು ತೀರಿಹೋಗಿ ಎರಡು ತಿಂಗಳಾಯಿತು. ಇವತ್ತು ಶಿಕಾರಿಪುರದಲ್ಲಿ ಬೀರಣ್ಣನಿಗೆ ಸನ್ಮಾನವಿತ್ತು. ಶಾಲು ಹೊದಿಸುವಾಗ ಮೈಕಿನಲ್ಲೇ ನಗುತ್ತ ನಿನ್ನ ಹೆಸರು ಹಿಡಿದು ಹೇಳಿದರು: "ಇಷ್ಟ್ ಶಾಲು ಬಂದ್ವು. ಕುರಿ ಕಾಯೋವಾಗ ನಮ್ ಉಜ್ಜಪ್ಪ ಒಂದ್ ಕಂಬಳಿ ಕೊಡ್ತೀನಿ ಅಂದಿದ್ದ. ಅದೊಂದು ಬರ್ಲೇ ಇಲ್ಲ ನೋಡ್ರಿ!"

ಎಲ್ಲರೂ ನಕ್ಕರು. ನಮ್ಮೂರಿನವರು ಮಾತ್ರ ನಗಲಿಲ್ಲ. ಪಕ್ಕದಲ್ಲಿದ್ದ ಮಾಳೇಶ, "ಹಂಗಾರ ನಿಮ್ಮಪ್ಪ ನಮಗ ಬುರುಡೆ ಬಿಟ್ನೇನಲೇ?" ಅಂದ.

"ಬುರುಡೆ ಬಿಟ್ಟಿದ್ದು ಅಪ್ಪ ಅಲ್ಲ, ನಾನು" ಎಂದೆ. ನಮ್ಮೂರಿನವರೆಲ್ಲ ಕೇಳಿಸಿಕೊಂಡರು. ಬೀರಣ್ಣನಿಗೂ ಹೇಳಲು ವೇದಿಕೆಯತ್ತ ನುಗ್ಗುವಷ್ಟರಲ್ಲಿ ಕಾರು ಹೊರಟಿತ್ತು.

ಕಂಬಳಿ ಕೆಳಗಿಳಿಸಿದ್ದೇನೆ. ಒಂದು ಮೂಲೆ ಹುಳ ತಿಂದಿದೆ. ಅವ್ವ ಅದನ್ನು ಹೊಲಿಯುತ್ತಿದ್ದಾಳೆ. ನಾಳೆ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೊರಡುತ್ತೇನೆ.