ಹೊನ್ನಿ ಎತ್ತಿಕೊಂಡ ಹಾಡು

ಬಿಣಗಾ, ಕಾರವಾರ
೧ ಜೂನ್ ೨೦೨೪, ಶನಿವಾರ

ಮುದ್ದಿನ ಸಪ್ನಾ ಬಾಯ್,

ದೇವರ ದಯೆಯಿಂದ ನಾವಿಬ್ಬರೂ ಕ್ಷೇಮ. ನೀನು ಹೇಗಿದ್ದೀ? ಹುಬ್ಬಳ್ಳಿಯ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿತ್ತಂತೆ, ಈಗ ನಿಂತಿತೇ? ಲ್ಯಾಬಿನಲ್ಲಿ ದಿನವಿಡೀ ಊರವರ ರಕ್ತ ನೋಡುವವಳು ನಿನ್ನದನ್ನೂ ಒಮ್ಮೆ ನೋಡಿಕೊ. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಎಪ್ಪತ್ತಮೂರಕ್ಕೆ ಅಷ್ಟಿರುವುದೇ ಪುಣ್ಯ. ನಿನ್ನ ಅಜ್ಜಿಗೆ ಸಕ್ಕರೆ ಇಳಿದಿದೆ, ಬಾಯಿ ಇಳಿದಿಲ್ಲ. ಫೋನಿನಲ್ಲಿ ಸ್ಪೀಕರ್ ಹಾಕಿ ನನ್ನ ಪಾಲಿನದನ್ನೂ ಅವಳೇ ಮಾತಾಡಿ ಮುಗಿಸುತ್ತಾಳೆ. ನೀನೂ ಅಷ್ಟೇ, ನನ್ನ ದನಿ ಕೇಳಿದ ಕೂಡಲೇ ‘ಡ್ಯೂಟಿ ಇದೆ ಅಜ್ಜಾ’ ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಮನೆಯಲ್ಲಿ ಕೊಂಕಣಿಯಾದರೂ ಬರೆಯಲು ಕೂತರೆ ನನಗೆ ಕೈ ಓಡುವುದು ಶಾಲೆಯಲ್ಲಿ ಕಲಿತ ಕನ್ನಡದಲ್ಲೇ.

ನೀನು ಅಲ್ಲಿಯ ಇಗರ್ಜಿಗೆ ಭಾನುವಾರದ ಪೂಜೆಗೆ ತಪ್ಪದೆ ಹೋಗುತ್ತೀ, ಆದರೆ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತು ಬರುತ್ತೀ, ಗಿಟಾರನ್ನು ಚೀಲದಿಂದ ಹೊರಗೇ ತೆಗೆದಿಲ್ಲ ಎಂದು ನಿನ್ನ ಅಜ್ಜಿ ಹೇಳಿದಳು. ಕಾರಣ ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇಲ್ಲ. ಹೋದ ವರ್ಷ ಗರಿಗಳ ಭಾನುವಾರದ ತಯಾರಿಗೆ ನಮ್ಮ ಕೊಯರಿನ ಹಾಡುಗಾರರು ಕೂಡಿದಾಗ ನೀನೇ ಕಟ್ಟಿದ ಒಂದು ಹಾಡು ತಂದಿದ್ದೆ. ‘ಬೆಳಗಾಯ್ತು ದೇವಾ, ನೀನಿದ್ದೆ, ಕತ್ತಲಲ್ಲೂ ನೀನೇ ಇದ್ದೆ.’ ಎರಡೇ ಸಾಲು. ಅದನ್ನೇ ಮೆಲ್ಲಗೆ, ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡಿದ ಹಾಗೆ, ಮತ್ತೆ ಮತ್ತೆ ಹಾಡುವುದು. ನಾನು ಎಲ್ಲರೆದುರು ಪಿಟೀಲಿನ ಕಮಾನು ಕೆಳಗಿಟ್ಟು, ‘ಇದು ದೇವರಿಗೆ ಹಾಡೂದಲ್ಲ, ತೊಟ್ಟಿಲು ತೂಗೂದು’ ಅಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ, ಗಿಟಾರನ್ನು ಚೀಲಕ್ಕೆ ಹಾಕಿದೆ, ಜೂನಿನಲ್ಲಿ ಹುಬ್ಬಳ್ಳಿಗೆ ಹೊರಟುಹೋದೆ. ಊರಿಗೆಲ್ಲ ಪಿಟೀಲು ಮೇಸ್ತ್ರಿ ನಾನು, ನಲವತ್ತಾರು ವರ್ಷ ಇಗರ್ಜಿಯಲ್ಲಿ ನುಡಿಸಿದವನು. ಯಾವುದು ಹಾಡು, ಯಾವುದಲ್ಲ ಎಂದು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ.

ಈಗ ಸುದ್ದಿ ಕೇಳು. ಕಳೆದ ಶನಿವಾರ ಸಂಜೆ ನಮ್ಮ ಕೇರಿಯ ಶಿಲುಬೆಯೆದುರು ವರ್ಷದ ಲದಿನ್ ಇತ್ತು. ಮರಿಯಮ್ಮನ ಒಂದೊಂದೇ ಹೆಸರು ಕರೆದು ಹಾಡುವ ಆ ಪ್ರಾರ್ಥನೆಗೆ ನಮ್ಮವರು, ಹಿಂದೂಗಳು, ಫ್ಯಾಕ್ಟರಿ ಕಾಲೊನಿಯವರು ಎನ್ನದೆ ಎಲ್ಲರೂ ಬರುತ್ತಾರೆ. ಕೊನೆಗೆ ಹಂಚುವ ಬೇಯಿಸಿದ ಕಡಲೆಗೂ ಬರುತ್ತಾರೆ ಅನ್ನು, ಅದರಲ್ಲಿ ತಪ್ಪೇನು? ಲದಿನ್ ಮುಗಿದ ಮೇಲೆ ನನ್ನ ಗುರುಗಳು ಕಲಿಸಿದ ನಾಲ್ಕು ದನಿಯ ದೊಡ್ಡ ಹಾಡು ಆಗಲೇಬೇಕು. ಆದರೆ ಆ ದನಿಯವರೇ ಈಗ ಇಲ್ಲ. ಇಬ್ಬರು ಮಣ್ಣಿಗೆ ಹೋದರು, ಒಬ್ಬ ಮಸ್ಕತ್ತಿಗೆ ಹೋದ. ಉಳಿದವನು ನಾನೊಬ್ಬನೇ. ಹಟ ಬಿಡದೆ ಶುರುಮಾಡಿದೆ. ಜನ ಕೈಕಟ್ಟಿ ನಿಂತು ಕೇಳಿದರು, ಆಮೇಲೆ ಕಡಲೆಯ ಪಾತ್ರೆಯ ಕಡೆ ನೋಡತೊಡಗಿದರು. ಮೇಲಿನ ಸ್ವರಕ್ಕೆ ಹೋಗುವಲ್ಲಿ ನನ್ನ ದನಿ ಒಡೆಯಿತು, ಕಮಾನೂ ನಿಂತಿತು. ಅಷ್ಟು ಜನರ ನಡುವೆ ಬಾಯಾರಿದವನ ಹಾಗೆ ನಿಂತುಬಿಟ್ಟೆ. ನಾಚಿಕೆಯಾಯಿತು ಮಗಾ.

ಆಗ ಹಿಂದಿನಿಂದ ಒಂದು ಹೆಣ್ಣುದನಿ ನಿನ್ನ ಹಾಡನ್ನು ಎತ್ತಿಕೊಂಡಿತು. ಯಾರು ಗೊತ್ತೇ? ನಮ್ಮ ಹೊನ್ನಿ. ಅಂಕೋಲೆ ಬದಿಯಿಂದ ಮೊದಲ ಬಸ್ಸಿಗೆ ಬುಟ್ಟಿ ಹೊತ್ತು ಬಂದು, ಹಿತ್ತಿಲ ಬಾಗಿಲಲ್ಲಿ ಕೂತು ಮೀನು ಕೊಯ್ದು ಕೊಡುತ್ತಾಳಲ್ಲ, ಅವಳೇ. ಕಡಲೆಗಾಗಿ ಸಂಜೆಯ ಬಸ್ಸು ಬಿಟ್ಟು ನಿಂತಿದ್ದಳು. ಎಷ್ಟು ಕೆಳಗಿನ ಶ್ರುತಿಯಲ್ಲಿ ಹಾಡಿದಳೆಂದರೆ ನನಗೆ ಅದನ್ನು ಪಿಟೀಲಿನಲ್ಲಿ ಹುಡುಕಲು ಸ್ವಲ್ಪ ಹೊತ್ತೇ ಬೇಕಾಯಿತು. ಹೆಂಗಸರು ಮನೆಗೆಲಸ ಮಾಡುತ್ತ ಗುನುಗುವ ಎತ್ತರ ಅದು. ಎರಡನೆಯ ಸಲಕ್ಕೆ ನಾಲ್ಕು ಜನ ಸೇರಿದರು, ಮೂರನೆಯ ಸಲಕ್ಕೆ ಇಡೀ ಕೇರಿ. ಕನ್ನಡ ಸರಿಯಾಗಿ ಬಾರದ ಕಾಲೊನಿಯ ಹೆಂಗಸರೂ ಹಾಡಿದರು. ಇಗರ್ಜಿಯಲ್ಲಿ ಆ ನಲವತ್ತಾರು ವರ್ಷವೂ ನನ್ನ ಹಾಡಿಗೆ ಬಾಯಿ ತೆರೆಯದ ನಿನ್ನ ಅಜ್ಜಿಯೂ ಹಾಡಿದಳು. ನಡುವೆ ನಾಲ್ಕು ಅಲಂಕಾರ ಸೇರಿಸೋಣವೆಂದು ನನ್ನ ಬೆರಳು ತುರಿಸುತ್ತಿತ್ತು. ಸೇರಿಸಲಿಲ್ಲ. ಒಂದೇ ಉದ್ದನೆಯ ಸ್ವರ ಹಿಡಿದು ಕೆಳಗೆ ಕೂತುಕೊಂಡೆ. ಇಷ್ಟು ವರ್ಷ ನಾನು ಶ್ರುತಿ ಹಿಡಿದದ್ದು ನನ್ನ ಗಂಟಲಿಗೆ, ಜನರ ಗಂಟಲಿಗಲ್ಲ ಎಂದು ಅಲ್ಲಿ ತಿಳಿಯಿತು.

ಆಮೇಲೆ ಹೊನ್ನಿಯನ್ನು ಕೇಳಿದೆ. ‘ನಿಮ್ಮ ಮೊಮ್ಮಗಳು ಹಿತ್ತಲ ಕಟ್ಟೆ ಮೇಲೆ ಕೂತ್ಕಂಡು ದಿನಾ ಹೇಳ್ತಿತ್ತು, ನಾ ಮೀನ ಕೊಯ್ತಾ ಕೇಳ್ತಿದ್ದೆ, ಬಾಯಿಗೆ ಬಂತು. ನಮ್ಮ ಮನೆಯವ್ರು ದೋಣಿ ಮೇಲೆ ಹೋದಾಗ ನಾನೂ ಹೇಳ್ಕಂತೆ. ನಿಮ್ದು ಕೇಳೂಕೆ ಚಂದ ಮೇಸ್ತ್ರಿ, ಹೇಳೂಕೆ ಬರೂದಿಲ್ಲ’ ಎಂದು ಕಡಲೆಯನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಆ ದಿನ ಬರಲಿಲ್ಲ. ಇದನ್ನು ಕೇಳುವ ತನಕ ನನ್ನ ಕಿವಿಯನ್ನು ಗಟ್ಟಿಯಾಗಿಟ್ಟ ದೇವರಿಗೆ ಎಷ್ಟು ವಂದನೆ ಹೇಳಿದರೂ ಸಾಲದು. ನಿನಗೂ ಋಣಿ. ಫಾದರ್ ಕೂಡ ಅಲ್ಲಿದ್ದರು; ಪೂಜೆಯಲ್ಲಿ ಪರಮಪ್ರಸಾದ ಹಂಚುವ ಹೊತ್ತಿಗೆ ಅದನ್ನೇ ಹಾಡೋಣ, ಅಂಕೋಲೆಯ ಇಗರ್ಜಿಯವರಿಗೂ ಕಲಿಸೋಣ, ಮೊದಲು ಸಪ್ನಾಳನ್ನು ಕೇಳಿ ಎಂದರು. ಇದೋ, ಈ ಕಾಗದದಲ್ಲೇ ಕೇಳುತ್ತಿದ್ದೇನೆ.

ಊಟ ಸರಿಯಾಗಿ ಮಾಡು. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಇಂದಿನಿಂದ ದೋಣಿಗಳು ನಿಂತವು, ಆದ್ದರಿಂದ ಒಣಸೀಗಡಿ ಮಾತ್ರ ಕಳಿಸುತ್ತಿದ್ದೇವೆ. ನಿನ್ನ ರೂಮಿನ ಹುಡುಗಿಯರಿಗೂ ನಮ್ಮ ನೆನಪು ಹೇಳು. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ.

ನಿನ್ನ ಅಜ್ಜ,
ಪಾಸ್ಕಲ

ತಾ.ಕ.: ಭಾನುವಾರ ಮಧ್ಯಾಹ್ನ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನ ಅಜ್ಜಿ ಈ ಕಾಗದ ಓದಿ, ‘ಬೈಯೂದು ಹತ್ತು ಮಂದಿ ಎದುರಿಗೆ, ತಪ್ಪಾಯ್ತು ಅನ್ನೂದು ಲಕೋಟೆ ಒಳಗೆ. ಅದನ್ನಾದ್ರೂ ಎಲ್ಲಿ ಬರ್ದೀರಿ?’ ಎಂದಳು. ಎರಡು ಸಲ ಓದಿದೆ, ಆ ಮಾತೇ ಇಲ್ಲ. ಇವತ್ತು ಬೆಳಿಗ್ಗೆ ಪೂಜೆ ಮುಗಿದ ಮೇಲೆ ಕೊಯರನ್ನು ತಡೆದು ನಿಲ್ಲಿಸಿ, ಅಂದು ನಕ್ಕವರೆಲ್ಲರ ಎದುರು ಹೇಳಿದೆ: ನಾನು ಸಪ್ನಾಳಿಗೆ ಅಂದದ್ದು ಹೊಟ್ಟೆಕಿಚ್ಚಿನಿಂದ. ಅವಳು ಒಂದೇ ಸಲ ಹಾಡಿದ್ದಕ್ಕೆ ನೀವೆಲ್ಲ ಕಣ್ಣು ಮುಚ್ಚಿದ್ದಿರಿ, ನನ್ನ ಪಿಟೀಲಿಗೆ ಯಾರೂ ಹಾಗೆ ಕಣ್ಣು ಮುಚ್ಚಿದ್ದಿಲ್ಲ. ಯಾರೂ ನಗಲಿಲ್ಲ. ಈಗ ನಿನಗೆ ಹೇಳುತ್ತೇನೆ, ತಪ್ಪಾಯಿತು ಮಗಾ. ಊರಿಗೆ ಬಾ ಎಂದು ಕರೆಯುವ ಮುಖ ನನಗಿಲ್ಲ. ಅಲ್ಲಿಯೇ ಆಗಲಿ, ಹಾಡು.